ಅವ್ವ ಚಹಾ ಕುಡಿದ ಸೋಮವಾರ

ಹಳದಿ ಜಂಪರಿನ ತೋಳಿಗೆ ಕಾಳಿನಷ್ಟು ಕೆಂಪು ಹತ್ತಿತ್ತು. ಅದು ನನ್ನ ಬಾಯಿಂದ ಬಂದದ್ದು ಅಂತ ತಿಳಿಯಾಕ ನನಗ ಜರಾ ಹೊತ್ತು ಹಿಡೀತು.

ನಾ ಮಾನ್ವಿಯಾಗ ಹೊಲಿಗಿ ಕೆಲಸ ಮಾಡಾಕಿ, ಹೆಸರು ರೇಣುಕಾ. ಮನಿ ಮುಂದಿನ ಖೋಲಿಯೊಳಗ ಮಿಷಿನ್ ಹಾಕ್ಕೊಂಡು ಹೆಣ್ಮಕ್ಕಳ ಜಂಪರ್ ಹೊಲೀತೀನಿ. ಕತ್ತರಿ ಮಗ್ಗಲದಾಗ ಬಿದ್ದಿದ್ರೂ ದಾರಾ ಹಲ್ಲಿಲೆ ಕಡಿಯೋದು ನನ್ನ ಹದಿನೈದು ವರ್ಷದ ಚಟ. ಅವತ್ತು ಹಂಗ ಕಡಿಯಾಕ ಹೋದಾಗ ವಸಡಿನಿಂದ ರಕ್ತ ಬಂದಿತ್ತು. ಬಾಯಿ ಮುಕ್ಕಳಿಸಿದೆ, ಉಪ್ಪು ಹಚ್ಚಿದೆ, ನಿಲ್ಲಲಿಲ್ಲ. ಮದುವಿ ಜಂಪರ್ ಅದು. ಸಂಜಿ ಮುಂದ ಒಯ್ಯಾಕ ಬಂದಾಕಿ ಕಲಿ ನೋಡಿ, "ಏನ್ ರೇಣುಕಾ, ಎಲಿ ಅಡಕಿ ಹಾಕ್ಕೊಂಡ್ ಹೊಲೀತಿಯೇನು? ಲಗ್ನಾ ನಾಳಿಗದ" ಅಂತ ಬೈದ್ಳು. ನಾ ತಲಿ ತಗ್ಗಿಸಿ ನಿಂತೆ. ಬಾಯಿ ತೆರೆದ್ರ ಹಲ್ಲೆಲ್ಲ ಕೆಂಪು ಕಾಣ್ತಾವಂತ ಮಾತಾಡಲಿಲ್ಲ.

ಅದಕ್ಕಿಂತ ಮೊದಲಾ ಕೈಮ್ಯಾಲ, ತೊಡಿಮ್ಯಾಲ ನೀಲಿ ಕಲಿ ಬೀಳಾಕತ್ತಿದ್ವು. ಬಾಗಲಾ ತಗಲಿದ್ರೂ ನೀಲಿ, ಕೊಡಾ ಸೊಂಟಕ್ಕಿಟ್ರೂ ನೀಲಿ. ಎರಡು ಮೆಟ್ಲಾ ಹತ್ತಿದ್ರ ತೇಕು. ಬಿಸಲಿಗೆ ಹಿಂಗಾಗ್ತದ ಅಂತ ನಾ ಅಂದ್ಕೊಂಡೆ. ನಮ್ಮ ರಾಯಚೂರು ಕಡಿ ಬ್ಯಾಸಗಿಯೊಳಗ ಯಾರಿಗೆ ದಮ್ಮು ಇರ್ತದ ಹೇಳ್ರಿ? ಆದ್ರ ಓಣಿಯವರು ಬ್ಯಾರೆನ ಅಂದ್ಕೊಂಡಿದ್ರು. ಗಂಡ ಹೊಡೀತಾನ ಅಂದ್ಕೊಂಡಿದ್ರು. ಯಾರೋ ಪುಣ್ಯಾತ್ಗಿತ್ತಿ ಅದನ್ನ ದೇವದುರ್ಗಕ್ಕ ನಮ್ಮವ್ವಗ ಮುಟ್ಟಿಸಿದ್ಳು.

ಅವ್ವ ಮೊದಲ ಬಸ್ಸಿಗೇ ಬಂದ್ಳು. ಹೊಸ್ತಿಲದಾಗ ನಿಂತಾಕಿ ಒಳಗ ಬರಲಿಲ್ಲ, ನೀರು ಕೊಟ್ರ ಮುಟ್ಟಲಿಲ್ಲ. ನನ್ನ ಕೈ ತಿರುಗಿಸಿ ನೋಡಿದಾಕಿನ, "ಅಮರೇಶಪ್ಪಾ, ನಿನಗ ಮಗಳು ಕೊಟ್ಟೀನಿ, ಕಣದಾಗ ಬಡಿಯಾಕ ತೆನಿ ಕೊಟ್ಟಿಲ್ಲ" ಅಂದ್ಳು.

ನಮ್ಮ ಮನಿಯವ್ರು ಅಕ್ಕಿ ಮಿಲ್ಲಿನ್ಯಾಗ ಮಿಷಿನ್ ನೋಡ್ಕೊಳ್ಳೋರು. ಎತ್ತರದ ದನಿಯೊಳಗ ಮಾತಾಡಿದ್ದು ನಾ ಕೇಳಿಲ್ಲ. ಉಣ್ಣಾಕ ಕುಂತವ್ರು ತುತ್ತು ಗಂಗಾಳದಾಗ ಬಿಟ್ಟು ಎದ್ದು, "ಅತ್ತೀ, ನಾನೂ ಅದನ್ನಾ ಕೇಳಾಕತ್ತೀನ್ರಿ, ಯಾರ ಕೈ ತಗಲಿ ಹಿಂಗಾಗ್ಯಾದಂತ" ಅಂದ್ರು. ಕಣ್ಣಾಗ ನೀರಿತ್ತು. ಆಗಲೇ ಅವ್ವಗ ತಿಳೀತು ಇದು ಹೊಡತದ ಕಲಿ ಅಲ್ಲ ಅಂತ, ನನಗ ತಿಳೀತು ಇದು ಬಿಸಲಿಂದೂ ಅಲ್ಲ ಅಂತ. ಅವತ್ತಾ ಮೂವರೂ ಡಾಕ್ಟರ್ ಹಂತ್ಯಾಕ ಹೋದ್ವಿ.

ಮಾನ್ವಿ ಡಾಕ್ಟರ್ ನನ್ನ ಕಣ್ಣಿನ ಕೆಳಗಿನ ರೆಪ್ಪಿ ಎಳೆದು ನೋಡಿದ್ರು. "ಇಲ್ಲೀತನಕ ಹ್ಯಾಂಗ ಬಂದ್ರಿ?"

"ನಡಕೊಂಡ ಬಂದೀನ್ರಿ."

"ಅದನ್ನಾ ಕೇಳಾಕತ್ತೀನಮ್ಮಾ, ಹ್ಯಾಂಗ ನಡದ್ರಿ?"

ಹನ್ನೆರಡರ ಮ್ಯಾಲ ಇರಬೇಕಾದ ರಕ್ತ ಮೂರೂವರಿ ಇತ್ತಂತ. ಅವರು ಚೀಟಿ ಬರೆದು ರಾಯಚೂರಿಗೆ ಅಂದ್ರು. ಬಸ್ಸು ಕಲ್ಲೂರು ದಾಟೋದ್ರೊಳಗ ನನಗ ಎರಡು ಸಲ ಕತ್ತಲಿ ಬಂತು. ಅವ್ವನ ತೊಡಿಮ್ಯಾಲ ತಲಿ ಇಟ್ಟು ಮಲಗಿದ್ದೆ. ಅಕಿ ನನ್ನ ಕಿವಿ ಹತ್ರ ಬಾಗಿ, "ರೇಣೀ, ಉಸಿರಾಡಾಕತ್ತೀಯಿಲ್ಲ?" ಅಂತ ಕೇಳ್ತಿದ್ಳು. ಹೂಂ ಅನ್ನಾಕೂ ನನಗ ಸಾಕಾಗ್ತಿತ್ತು.

ದೊಡ್ಡಾಸ್ಪತ್ರಿಯೊಳಗ ಎಂಟು ದಿನ ಪರೀಕ್ಷಿ ಆದ್ವು. ಸೊಂಟದ ಎಲುಬಿನೊಳಗ ದಬ್ಬಣದಂಥ ಸೂಜಿ ಚುಚ್ಚಿ ಮಜ್ಜಿ ತಗದ್ರು. ನೋವಿನ ಮಾತು ಬರಿಯೋದಿಲ್ಲ, ಆಗಿ ಹೋತು. ಆದ್ರ ಫಲಿತಾಂಶದ ಸಲುವಾಗಿ ಪಡಸಾಲಿಯೊಳಗಿನ ಕಬ್ಬಿಣದ ಬೆಂಚಿನ ಮ್ಯಾಲ ಕುಂತದ್ದು ಇನ್ನೂ ಆಗಿ ಹೋಗಿಲ್ಲ. ಈಗಲೂ ಯಾರಾದ್ರೂ ಒಂದು ಹೆಸರು ಜೋರಾಗಿ ಕರೆದ್ರ ನನ್ನ ಎದಿ ಝಲ್ ಅಂತದ.

ಅಲ್ಲಿಯ ಡಾಕ್ಟರ್ ಮೇಡಂ ಸಣ್ಣ ವಯಸ್ಸಿನವರು, ಸಮಾಧಾನದಲೆ ಹೇಳಿದ್ರು. ಎಲುಬಿನೊಳಗ ರಕ್ತ ತಯಾರಾಗೋದು ನಿಂತು ಹೋಗ್ಯಾದ ಅಂದ್ರು. ಯಾಕಂತ ಕೇಳಿದ್ರ, ಬಾಳ ಮಂದಿಗೆ ಕಾರಣಾನೇ ಸಿಗಂಗಿಲ್ಲಮ್ಮಾ ಅಂದ್ರು.

ನಮ್ಮ ಮನಿಯವ್ರು ಸುಮ್ನ ಕೇಳ್ತಾ ಇದ್ದವ್ರು, "ಮಿಲ್ ಬಂದ್ ಬಿದ್ದಂಗ ಅಂತೀರೇನ್ರಿ ಮೇಡಂ?" ಅಂದ್ರು.

"ಹಂಗಾ ತಿಳ್ಕೊಳ್ರಿ. ಗುಳಗಿಲೆ ಮತ್ತ ಚಾಲೂ ಆಗಬಹುದು. ಆಗೂತನಕ ಹೊರಗಿಂದ ತಂದು ಹಾಕ್ತಿರಬೇಕು."

ತಂದು ಹಾಕೋದು ಅಂದ್ರ ಮಂದಿ ರಕ್ತ. ಅಂಗಡಿಯಾಗ ಸಿಗೋ ಮಾಲಲ್ಲ ಅದು.

ಮೊದಲನೇ ಬಾಟ್ಲಿ ಏರಿಸಿದ ದಿನ ನಾ ಬಾಳ ಹೆದರಿದ್ದೆ. ಚೀಲದಾಗ ಬಂದ್ರೂ ನಾವೆಲ್ಲ ಬಾಟ್ಲಿ ಅಂತನಾ ಅಂತೀವಿ. ಫ್ರಿಜ್ಜಿನಿಂದ ತಂದದ್ದು, ನರದಾಗ ಏರೂ ಮುಂದ ತೋಳು ತಣ್ಣಗ ಕೊರೀತದ. ಹೊರಗ ಬೆಂಕಿಯಂಥ ಬಿಸಲು, ನಾ ನಡಗಾಕತ್ತಿದ್ದೆ. ಮಗ್ಗಲ ಮಂಚದಾಗಿದ್ದ ಮಟಮಾರಿ ಊರಿನ ಮುದುಕಿ ತನ್ನ ಕೌದಿ ನನ್ನ ಕಾಲಿಗೆ ಹೊಚ್ಚಿ, "ಹೆದರಬ್ಯಾಡ ಮಗಳ, ನನಗ ಇದು ನಾಕನೇದು, ನಾನೇನ್ ಸತ್ತೀನೇನು?" ಅಂದ್ಳು. ನಾ ನಕ್ಕೆ. ಎಷ್ಟೋ ದಿನದ ಮ್ಯಾಲ ನಕ್ಕಿದ್ದೆ. ಸಂಜೀಕ ಉಗರು ನೋಡ್ಕೊಂಡ್ರ ಸ್ವಲ್ಪ ಬಣ್ಣಾ ಬಂದಿತ್ತು. ಹಸಿವಿ ಆತು. ಎರಡು ರೊಟ್ಟಿ ತಿಂದೆ. ಆ ಎರಡು ರೊಟ್ಟಿ ತಿನ್ನೋ ತಾಕತ್ತು ಯಾರ್ದು ಅಂತ ಆಗ ಕೇಳ್ಕೊಳ್ಳಲಿಲ್ಲ.

ಅದರ ಸುಖ ಹದಿನೈದು ದಿನದ್ದು. ಮತ್ತ ತೇಕು, ಮತ್ತ ನೀಲಿ ಕಲಿ, ಮತ್ತ ರಾಯಚೂರು. ಬ್ಲಡ್ ಬ್ಯಾಂಕಿನ್ಯಾಗ ತಂದಿಟ್ಟ ರಕ್ತ ಕಡಿಮಿ ಇದ್ದಾಗ, ನಿಮ್ಮ ಕಡಿಯವರು ಯಾರಾದ್ರೂ ಕೊಟ್ರ ಅನುಕೂಲ ಆಗ್ತದ ಅಂತಾರ. ನಮ್ಮ ಮನಿಯವ್ರು ಕೊಟ್ರು. ಮಿಲ್ಲಿನ ಹಮಾಲರು ನಾಕು ಮಂದಿ ಒಬ್ಬರಾದ ಮ್ಯಾಲ ಒಬ್ಬರು ಬಂದು ಕೊಟ್ರು. ಅಲ್ಲಿಗೆ ನಮ್ಮ ಪರಿಚಯದವರ ಸರದಿ ಮುಗೀತು. ಒಮ್ಮಿ ಕೊಟ್ಟವರು ಮೂರು ತಿಂಗಳು ಕೊಡಂಗಿಲ್ಲ. ನನಗ ಮೂರು ವಾರ ತಡಿಯಂಗಿಲ್ಲ.

ಆಷಾಢ ಹಂಗ ಹೋತು. ಶ್ರಾವಣ ಬಂತು.

ಪಂಚಮಿಗೆ ತಮ್ಮ ದೇವಪ್ಪ ಬಂದು ದೇವದುರ್ಗಕ್ಕ ಕರ್ಕೊಂಡು ಹೋದ. ನಮ್ಮ ಕಡಿ ಪಂಚಮಿಗೆ ಹೆಣ್ಮಗಳು ತವರಿಗೆ ಹೋಗದಿದ್ರ ಹಬ್ಬಾನೇ ಅಲ್ಲ. ಪ್ರತಿ ವರ್ಷ ಜೋಕಾಲಿ ಆಡಾಕಿ ನಾ, ಆ ವರ್ಷ ಗ್ವಾಡಿಗೆ ಆನಿಕೊಂಡು ಕುಂತೆ. ಹುತ್ತಿನ ತನಕ ತಮ್ಮ ಗಾಡಿಮ್ಯಾಲ ಕುಂದ್ರಿಸ್ಕೊಂಡು ಹೋದ. ಕೊಬ್ಬರಿ ಬಟ್ಟಲದಾಗ ಹಾಲು ಹಿಡಕೊಂಡು ಮನಿ ಮಂದಿ ಒಬ್ಬೊಬ್ಬರ ಹೆಸರಿಲೆ ಎರಿಯೋದು ಪದ್ಧತಿ. ಅವ್ವ ಕೂಗ್ತಾಳ, ನಾವು ಎರೀತೀವಿ. ದೇವರ ಪಾಲು, ಗುರುವಿನ ಪಾಲು, ಅಪ್ಪನ ಪಾಲು, ಅಣ್ಣನ ಪಾಲು, ಹೊಟ್ಟ್ಯಾಗಿನ ಕೂಸಿಗೂ ಒಂದು ಪಾಲು. ಸತ್ತವರಿಗೂ ಇರ್ತದ. ಅವ್ವ "ರೇಣಿ ಪಾಲು" ಅಂದ್ಳು, ತಾನಾ ಎರೆದ್ಳು. ಮತ್ತ "ರೇಣಿ ಪಾಲು" ಅಂದ್ಳು. ಮೂರು ಸಲ ಎರೆದ್ಳು. ನಮ್ಮಣ್ಣ ಬಸವರಾಜ, "ಯವ್ವಾ, ಉಳದವರಿಗೆ ಹಾಲು ಇಡು" ಅಂದ್ರ ತಿರುಗಿ ನೋಡಲಿಲ್ಲ. ಅಲ್ಲೇ ಹುತ್ತಿನ ಮುಂದ ಸೆರಗೊಡ್ಡಿ ಹರಕಿ ಹೊತ್ತಳು. ನನ್ನ ಮಗಳು ಉಳೀಲಿ, ಶ್ರಾವಣದ ಸೋಮವಾರ ಎಲ್ಲಾ ನನ್ನ ಮನಿ ಗಂಡಸ್ರು, ನಾನು, ಸಂಜಿ ಪೂಜಿ ಆಗೂತನಕ ಹನಿ ನೀರೂ ಕುಡಿಯಂಗಿಲ್ಲ.

ನನಗ ಅದು ಚಂದ ಅನಿಸ್ತು, ಸುಳ್ಳು ಯಾಕ ಹೇಳ್ಲಿ? ನನ್ನ ಸಲುವಾಗಿ ಇಷ್ಟು ಮಂದಿ ಹಸಕೊಂಡಿರ್ತಾರಲ್ಲ ಅಂತ ಎದಿ ತುಂಬಿ ಬಂತು.

ಆ ಎರಡನೇ ಸೋಮವಾರ ನಾ ರಾಯಚೂರಿನ್ಯಾಗಿದ್ದೆ. ಮುಂಜಾನಿ ಮೂಗಿನಿಂದ ರಕ್ತ ಬಂದು, ನಮ್ಮ ಮನಿಯವ್ರು ಮಿಲ್ಲಿನ ಮಾಲಕರ ಗಾಡಿಯಾಗ ತಂದು ಹಾಕಿದ್ರು. ವಾರ್ಡಿನ್ಯಾಗ ಜಾಗಾ ಇದ್ದಿಲ್ಲ, ಬ್ಲಡ್ ಬ್ಯಾಂಕಿನ ಹೊರಗಿನ ಪಡಸಾಲಿಯೊಳಗ ತಳ್ಳೋ ಮಂಚದ ಮ್ಯಾಲ ಮಲಗಿಸಿದ್ರು. ಅಲ್ಲಿಯ ಸಿಸ್ಟರ್ ದಪ್ಪ ಕನ್ನಡಕದಾಕಿ, ಬಾಯಿ ಬಿರುಸು, ಕೈ ಮೆತ್ತಗ. ಅಕಿ ನಮ್ಮ ಮನಿಯವರಿಗೆ ಹೇಳೋದು ನನಗ ಕೇಳಸ್ತಿತ್ತು. "ಇವರ ಗುಂಪಿಂದು ಎರಡಾ ಬಾಟ್ಲಿ ಉಳದಾವ. ಹೆರಿಗಿ ವಾರ್ಡಿಗಂತ ಎತ್ತಿಟ್ಟೀವಿ. ಹಬ್ಬದ ತಿಂಗಳು, ಕೊಡೋರು ಯಾರೂ ಬರವಲ್ರು. ನಿಮ್ಮವರು ಒಬ್ರು ಕೊಟ್ರ, ಯಾವ ಗುಂಪಾದ್ರೂ ನಡೀತದ, ಡಾಕ್ಟರಿಗೆ ಕೇಳಿ ಒಂದು ಬಿಡಸ್ತೀನಿ. ಜಲ್ದಿ ಮಾಡ್ರಿ, ಇವರ ಬಣ್ಣಾ ಚಲೋ ಇಲ್ಲ."

ಹತ್ತು ಗಂಟೆಕ್ಕ ದೇವದುರ್ಗದಿಂದ ಗಾಡಿ ಬಂತು. ಅಣ್ಣ, ತಮ್ಮ, ಕಾಕಾನ ಮಕ್ಕಳು ಇಬ್ರು, ಸೋದರಮಾವ. ಐದೂ ಮಂದಿ ಹಣಿತುಂಬ ಇಬತ್ತಿ ಬಡಕೊಂಡು, ತೋಳು ಮ್ಯಾಲೇರಿಸ್ಕೊಂಡು ಸಾಲಾಗಿ ನಿಂತ್ರು. ಹಿಂದ ಅವ್ವ. ಅವರನ್ನ ನೋಡಿ ನನಗ ಜೀವ ಬಂದಂಗಾತು. ಇನ್ನ ಏನ್ ಕಡಿಮಿ ಅಂದ್ಕೊಂಡೆ.

ಸಿಸ್ಟರ್ ಕಾಗದ ತಗೊಂಡ್ಳು. "ಮುಂಜಾನಿ ಏನ್ ತಿಂದೀರಿ?"

ಅಣ್ಣ ಅಂದ, "ಏನೂ ಇಲ್ರಿ, ಉಪವಾಸ."

"ನೀವು?"

"ಉಪವಾಸರಿ."

"ನೀವು?"

ಮಾವ ಹೆಮ್ಮಿಲೆ, "ಎಲ್ಲಾರೂ ನೀರು ಸೈತ ಮುಟ್ಟಿಲ್ಲರಿ" ಅಂದ.

ಸಿಸ್ಟರ್ ಪೆನ್ನು ಕೆಳಗಿಟ್ಳು. "ಇದು ಆಸ್ಪತ್ರಿನೋ ಮಠಾನೋ? ಖಾಲಿ ಹೊಟ್ಟಿಲೆ ರಕ್ತ ತಗೊಂಡ್ರ ಇಲ್ಲೇ ಬೀಳ್ತೀರಿ, ನಿಮಗ ಮತ್ತ ಯಾರು ಕೊಡಬೇಕು? ಹೋಗ್ರಿ, ಹೊಟ್ಟಿ ತುಂಬ ತಿಂದು, ನೀರು ಕುಡಿದು ಬರ್ರಿ."

ಒಬ್ಬನೂ ಕದಲಲಿಲ್ಲ. ಐದೂ ಮಂದಿ ಅವ್ವನ ಮಾರಿ ನೋಡಿದ್ರು.

ಅವ್ವ, "ಸಂಜೀಕ ಪೂಜಿ ಮುಗಿಸಿ ಪ್ರಸಾದ ತಗೊಂಡ ಮ್ಯಾಲ ಕೊಡ್ತಾರವ್ವಾ, ಅಲ್ಲೀತನಕ ತಡಕೊಳ್ಳಂಗಿಲ್ಲೇನು?" ಅಂದ್ಳು.

"ನಾ ತಡಕೋತೀನಬೇ. ನಿನ್ನ ಮಗಳು ತಡಕೊಳ್ಳಬೇಕಲ್ಲ?"

ನಮ್ಮ ಮನಿಯವ್ರು ಅವತ್ತು ಮೊದಲನೇ ಸಲ ದನಿ ಎತ್ತಿದ್ರು. "ದೇವರು ವರಾ ಕೊಟ್ರೂ ಪೂಜಾರಿ ಕೊಡಲಿಲ್ಲಂತ, ಹಂಗಾತಲ್ರಿ ಅತ್ತೀ! ರೇಣುಕಾ ದೊಡ್ಡಾಕೋ ನಿಮ್ಮ ಹರಕಿ ದೊಡ್ಡದೋ?"

"ಹರಕಿ ಹೊತ್ತದ್ದು ಯಾರ ಸಲುವಾಗಿ ಅಮರೇಶಪ್ಪಾ?" ಅಂತ ಅವ್ವ ಕೇಳಿದ್ಳು.

ಇಲ್ಲಿ ಒಂದು ಮಾತು ಹೇಳಬೇಕು, ಇಲ್ಲಂದ್ರ ನೀವು ನಮ್ಮವ್ವನ್ನ ಮೂಢ ಅಂತೀರಿ. ನಮ್ಮಪ್ಪ ಹಾಸಿಗಿ ಹಿಡಿದಾಗ ನಾ ಸಣ್ಣಾಕಿ. ಆಗಲೂ ಅವ್ವ ಹಿಂಗಾ ಸೋಮವಾರದ ಹರಕಿ ಹೊತ್ತಿದ್ಳು. ಮೂರನೇ ಸೋಮವಾರ ಮಗ್ಗಲಮನಿಯಾಕಿ ಚಹಾ ಕೊಟ್ಟಾಗ ಮರೆತು ಕುಡಿದುಬಿಟ್ಳು. ಅದಾ ವಾರ ಅಪ್ಪ ಹೋದ. ಇಪ್ಪತ್ತೈದು ವರ್ಷ ಆತು. ಆ ಚಹಾದ ಸುದ್ದಿ ಅಕಿ ಯಾರ ಮುಂದೂ ತಗಿಯಂಗಿಲ್ಲ, ಆದ್ರ ನಮ್ಮನಿಯಾಗ ಎಲ್ಲಾರಿಗೂ ಗೊತ್ತದ. ತಾನಾ ಗಂಡನ್ನ ಕೊಂದೀನಿ ಅಂತ ಅಕಿ ನಂಬ್ಯಾಳ. ಅಂಥಾಕಿಗೆ ನಾವು ಹರಕಿ ಮುರಿ ಅನ್ನಾಕತ್ತಿದ್ವಿ. ಅತ್ತ ದರಿ, ಇತ್ತ ಪುಲಿ.

ಅವ್ವ ನನ್ನ ಮಂಚದ ಹತ್ರ ಬಂದ್ಳು. ನನ್ನ ಕೈ ಹಿಡಕೊಂಡ್ಳು. ಅಕಿ ಕೈಯೂ ನನ್ನ ಕೈಯೂ ಎರಡೂ ತಣ್ಣಗಿದ್ವು.

"ರೇಣೀ, ನೀ ಓದಿದಾಕಿ. ನೀನಾ ಹೇಳು. ನೀ ಹೆಂಗ ಹೇಳ್ತಿ ಹಂಗ ಮಾಡ್ತೀನಿ."

ನಾ ಹೇಳಲಿಲ್ಲ.

ದಮ್ಮು ಇದ್ದಿಲ್ಲ ಅಂತ ಎಲ್ಲಾರಿಗೂ ಹೇಳ್ಕೋತ ಬಂದೀನಿ. ಅದು ಅರ್ಧ ಖರೇ. ಪಿಯುಸಿ ಪಾಸಾದಾಕಿ, ಡಾಕ್ಟರ್ ಹೇಳಿದ್ದೆಲ್ಲ ತಿಳಕೊಂಡಾಕಿ, ಆ ಹೊತ್ತಿನ್ಯಾಗ ನನಗೂ ಹೆದರಿಕಿ ಬಂತು. ಹರಕಿ ಮುರಿದ್ರ ನಾ ಖರೇನೇ ಸಾಯ್ತೀನೇನೋ? ಮುರೀದಿದ್ರೂ ಸಾಯ್ತೀನೇನೋ? ಮುರಿ ಅನ್ನಾಕ ಬಾಯಿ ಬರಲಿಲ್ಲ, ಬ್ಯಾಡ ಅನ್ನಾಕೂ ಬರಲಿಲ್ಲ. ನನ್ನ ಜೀವದ ಭಾರಾ ಎಲ್ಲಾ ಆ ಮುದುಕಿ ತಲಿಮ್ಯಾಲ ಹಾಕಿ ನಾ ಕಣ್ಣು ಮುಚ್ಕೊಂಡೆ. ಜಡ್ಡಿನೊಳಗ ನಾ ಮಾಡಿದ ದೊಡ್ಡ ತಪ್ಪು ಅಂದ್ರ ಅದಾ. ಇವತ್ತಿಗೂ ನೆನೆಸಿದ್ರ ನಾಚಿಕಿ ಆಗ್ತದ.

ಅವ್ವ ನನ್ನ ಕೈ ಬಿಟ್ಳು. ಮುಂದಿಂದು ನಾ ನೋಡಿಲ್ಲ, ನಮ್ಮ ಮನಿಯವ್ರು ಹೇಳಿದ್ದು. ಆಸ್ಪತ್ರಿ ಗೇಟಿನ ಹೊರಗ ಚಹಾದ ಬಂಡಿ ಅದ. ಅವ್ವ ನೆಟ್ಟಗ ಅಲ್ಲಿಗೆ ಹೋದ್ಳಂತ. ಹಿಂದ ಐದೂ ಗಂಡಸ್ರು. "ಒಂದು ಚಹಾ ಕೊಡಪಾ" ಅಂದ್ಳಂತ. ಇಡ್ಲಿ ಇತ್ತು, ಬಾಳಿಹಣ್ಣಿತ್ತು, ಮಂಡಾಳ ಒಗ್ಗರಣಿ ಇತ್ತು. ಅಕಿ ಚಹಾನಾ ಕೇಳಿದ್ಳು. ಕಪ್ಪು ಎತ್ತಿ, ಆಕಾಶದ ಕಡಿ ನೋಡಿ, "ಮುರದಾಕಿ ನಾನು. ಇವರಲ್ಲ, ಅಕಿಯೂ ಅಲ್ಲ. ಏನಿದ್ರೂ ನನಗ ಕೊಡು" ಅಂದು ಗಟಗಟ ಕುಡಿದ್ಳಂತ. ನಾಲಿಗಿ ಸುಟ್ಟಿತ್ತು. ಆಮ್ಯಾಲ ಮಕ್ಕಳ ಕಡಿ ತಿರುಗಿ, "ನನ್ನ ಮಾರಿ ಏನ್ ನೋಡ್ತೀರಲೇ? ತಿನ್ರಿ" ಅಂದ್ಳಂತ.

ತಿಂದು ಬಂದ್ರು. ಅಲ್ಲಿಗೆ ಮುಗೀಲಿಲ್ಲ. ಅಣ್ಣನ ಬಿಪಿ ಹೆಚ್ಚಿತ್ತು, ಬ್ಯಾಡ ಅಂದ್ರು. ಮಾವಗ ವಯಸ್ಸು ದಾಟಿತ್ತು. ಕಾಕಾನ ಮಗ ಒಬ್ಬಗ ಎರಡು ವಾರದ ಹಿಂದ ಜ್ವರ ಬಂದಿತ್ತು. ಇನ್ನೊಬ್ಬ ಸೂಜಿ ನೋಡಿದವನಾ ಬೆವತು ಕುಸಿದು ಕುಂತ. ಒಬ್ಬೊಬ್ಬರು ಹೊರಗ ಬಂದಾಗ ಅವ್ವ ನಿಂತಲ್ಲೇ ಸಣ್ಣಾಕಿ ಆಗ್ತಿದ್ಳು. ಕೊನೀಕ ದೇವಪ್ಪ ಒಳಗ ಹೋದ. ಅರ್ಧ ತಾಸಿನ ಮ್ಯಾಲ ತೋಳಿಗೆ ಹತ್ತಿ ಒತ್ತಿಕೊಂಡು ನಕ್ಕೋತ ಬಂದ. "ಆತಕ್ಕಾ, ಕೊಟ್ಟೆ" ಅಂದ.

ಅವ್ವ ಸಿಸ್ಟರ್ ಬೆನ್ನು ಬಿಡಲಿಲ್ಲ. "ನನ್ನ ಮಗಂದು ಬಿಸಿ ಇದ್ದಾಗಲೇ ಅಕಿಗೆ ಹಚ್ಚು ಯವ್ವಾ."

"ನಿನ್ನ ಮಗಂದು ಬಿ ಗುಂಪಬೇ, ಮಗಳದು ಓ. ಅದು ತಪಾಸಣಿ ಆಗಿ ಫ್ರಿಜ್ಜಿಗೆ ಹೋಗ್ತದ. ಬ್ಯಾರೆ ಯಾರಿಗೋ ಬೇಕಾಗ್ತದ. ಅಕಿಗೆ ಹಚ್ಚೋದು ಬ್ಯಾರೆ ಯಾರೋ ಕೊಟ್ಟದ್ದು."

"ಯಾರು ಕೊಟ್ಟದ್ದು?"

"ಹೆಸರು ಹೇಳಂಗಿಲ್ಲ."

"ಯಾವ ಊರವರು? ಹೆಣ್ಮಗಳೋ ಗಂಡ್ಮಗನೋ?"

"ಅದೂ ಹೇಳಂಗಿಲ್ಲ. ಕೊಟ್ಟಾರ, ಹೋಗ್ಯಾರ. ಅಷ್ಟಾ."

ಬಾಟ್ಲಿ ತೂಗ ಹಾಕಿದ್ರು. ಹನಿ ಹನಿ ಇಳಿಯಾಕತ್ತು. ಅವ್ವಗ ಓದಾಕ ಬರಂಗಿಲ್ಲ, ಆದ್ರೂ ಎದ್ದು ನಿಂತು ಆ ಚೀಲಾನ ಮೂರ್ನಾಕು ಸಲ ನೋಡಿದ್ಳು. ಏನಾರ ಬರದಾರೇನು ಅಂದ್ಳು. ನಂಬರ್ ಅದ, ಗುಂಪು ಅದ, ಕೊಟ್ಟ ತಾರೀಖು ಅದ ಅಂದೆ.

"ಯಾವತ್ತು ಕೊಟ್ಟಾರ?"

ನಾ ತಾರೀಖು ಓದಿದೆ. ಬೆರಳು ಮಡಚಿ ಎಣಿಸಿದೆ. ಮತ್ತೊಮ್ಮಿ ಎಣಿಸಿದೆ.

"ಪಂಚಮಿ ದಿನ, ಯವ್ವಾ."

ಅವ್ವ ಬೆಂಚಿನ ಮ್ಯಾಲ ಕುಂತ್ಳು. ನಾವು ಹುತ್ತಿನ ಮುಂದ ನಿಂತು ನನ್ನ ಪಾಲು ಮೂರು ಸಲ ಎರಿಯೋ ದಿನ, ಯಾರೋ ಒಬ್ರು ಹಬ್ಬಾ ಬಿಟ್ಟೋ, ಹಬ್ಬದ ಊಟಾ ಮುಗಿಸಿಕೊಂಡೋ, ಇಲ್ಲಿಗೆ ಬಂದು ತೋಳು ಚಾಚಿದ್ರು. ಯಾರ ಸಲುವಾಗಿ ಅಂತ ಅವರಿಗೆ ಗೊತ್ತಿದ್ದಿಲ್ಲ. ಅವ್ವ ಸೆರಗಿಲೆ ಮೂಗು ಒರಸ್ಕೊಂಡು, "ಅವರು ಉಂಡಿದ್ರೇನೋ" ಅಂದ್ಳು.

ನಾ ಉಳದೆ. ಗುಣ ಆಗೀನಿ ಅಂತ ಹೇಳಾಕ ಬರಂಗಿಲ್ಲ. ಮಿಲ್ಲು ಒಂದಿಷ್ಟು ಚಾಲೂ ಆಗ್ಯಾದ ಅಂತಾರ ನಮ್ಮ ಮನಿಯವ್ರು. ಹದಿನೈದು ದಿನಕ್ಕ ಬೇಕಾಗ್ತಿದ್ದ ಬಾಟ್ಲಿ ಈಗ ಆರು ವಾರಕ್ಕ ಬಂದದ. ಮುಂದಿನ ಆರು ವಾರಕ್ಕ ಸಿಗ್ತದೋ ಇಲ್ಲೋ ಗೊತ್ತಿಲ್ಲ. ದಾರಾ ಕತ್ತರಿಲೇ ಕತ್ತರಸ್ತೀನಿ. ಅವ್ವ ದಿನಾ ಮುಂಜಾನಿ ಫೋನ್ ಮಾಡಿ, "ಉಸಿರಾಡಾಕತ್ತೀಯಿಲ್ಲ?" ಅಂತ ಕೇಳ್ತಾಳ. ಮುರಿದ ಹರಕಿಯ ಶಿಕ್ಷಿ ಇನ್ನೂ ದಾರಿಯೊಳಗದ ಅಂತ ಅಕಿ ಕಾಯಾಕತ್ಯಾಳ. ಅದಕ್ಕ ಯಾವ ಡಾಕ್ಟರೂ ಔಷಧ ಕೊಡಂಗಿಲ್ಲ, ನನ್ನ ಕೈಲೂ ಆಗವಲ್ದು. ಆ ಕಬ್ಬಿಣದ ಬೆಂಚಿನ ಮ್ಯಾಲ ಈಗ ಕುಂತವರು ಯಾರಾದ್ರೂ ಇದನ್ನ ಓದಿದ್ರ, ನಾನೂ ಅಲ್ಲೇ ಕುಂತೀನಿ ಅಂತ ತಿಳೀರಿ, ನಿಮ್ಮ ಮಗ್ಗಲದಾಗ.

ಈ ವರ್ಷದ ಪಂಚಮಿಗೆ ಹುತ್ತಿನ ತನಕ ನಾ ನಡಕೊಂಡಾ ಹೋದೆ. ಅವ್ವ ಒಬ್ಬೊಬ್ಬರ ಪಾಲು ಕೂಗಿದ್ಳು. ನನ್ನದು ಒಂದಾ ಸಲ ಎರೆದ್ಳು. ಎಲ್ಲಾ ಮುಗದ ಮ್ಯಾಲ ಬಟ್ಟಲದಾಗ ಇನ್ನೊಂದೀಟು ಹಾಲಿತ್ತು. ಕೂಗಾಕ ಬಾಯಿ ತೆರೆದಾಕಿ ನಿಂತುಬಿಟ್ಳು. ಹೆಸರು ಗೊತ್ತಿದ್ದಿಲ್ಲ. ಊರೂ ಗೊತ್ತಿದ್ದಿಲ್ಲ. ಸುಮ್ನ ಎರೆದ್ಳು.

ಮುಂದಿನ ಸೋಮವಾರ ನನ್ನ ಬಾಟ್ಲಿ ದಿನ ಇತ್ತು, ದೇವಪ್ಪಂದೂ ಕೊಡೋ ಸರದಿ ಬಂದಿತ್ತು. ನಾ ತವರಾಗೇ ಉಳಿದಿದ್ದೆ. ಶ್ರಾವಣ ಸೋಮವಾರ ಸಂಜಿ ಪೂಜಿಗಿಂತ ಮೊದಲ ನಮ್ಮವ್ವನ ಒಲಿ ಹತ್ತಿದ್ದು ನಾ ಹುಟ್ಟಿದಾಗಿಂದ ನೋಡಿಲ್ಲ. ಅವತ್ತು ಮುಂಜಾನಿ ರೊಟ್ಟಿ ಬಡಿಯೋ ಸಪ್ಪಳಕ್ಕ ಎಚ್ಚರಾತು. ತಾನು ಉಪವಾಸ, ಹಣಿಮ್ಯಾಲ ಇಬತ್ತಿ. ತಮ್ಮನ ಗಂಗಾಳಕ್ಕ ಬಿಸಿ ರೊಟ್ಟಿ ಮ್ಯಾಲ ರೊಟ್ಟಿ ಹಾಕಾಕತ್ತಿದ್ಳು. ಅಂವ ಸಾಕು ಯವ್ವಾ ಅಂತ ಗಂಗಾಳಕ್ಕ ಕೈ ಅಡ್ಡ ಹಿಡಿದ.

ಅವ್ವ ಅವನ ಕೈ ಸರಿಸಿ ಇನ್ನೊಂದು ರೊಟ್ಟಿ ಹಾಕಿದ್ಳು. "ತಿನ್ನಲೇ ದೇವ್ಯಾ. ಯಾರ ಮಗಳು ಕಾಯಾಕತ್ಯಾಳೋ."